ಕೇಳಿ ಸೂಜಿ ಹಾಕೋ ಹುಡುಗಿ

ದವಾಖಾನ್ಯಾಗ ನಗಬಾರದು ಅಂತಾರ. ನಗದಿದ್ರ ನಾವು ನರ್ಸಮ್ಮಗೋಳು ಯಾವಾಗೋ ಓಡಿ ಹೋಗಿರ್ತಿದ್ವಿ. ಶಹಾಪುರದಿಂದ ಸುರಪುರಕ್ಕ ಹೋಗೋ ರಸ್ತಿ ಮ್ಯಾಲ ನಮ್ದೊಂದು ಸಣ್ಣ ದವಾಖಾನಿ. ಹೋದ ಬ್ಯಾಸಗ್ಯಾಗ ಪರದೇಶದಿಂದ ಆಂಬುಲೆನ್ಸ್ ಕೆಲಸ ಕಲಿಯೋ ಹುಡುಗಿ ಒಬ್ಬಾಕಿ ಬಂದ್ಲು, ಕಮ್ಮಿ ಸಾಮಾನಿನ್ಯಾಗ ಹೆಂಗ ಜೀವ ಉಳಸ್ತಾರ ಅಂತ ನೋಡಾಕ. ವಾಪಸ್ ಹೋಗೋದ್ರಾಗ ಒಬ್ಬರಿಗಾದ್ರೂ ತನ್ನ ಕೈಲೆ ಸಲಾಯಿನ್ ಹಚ್ಚಬೇಕು, ಇಲ್ಲಂದ್ರ ಅಲ್ಲಿ ಪಾಸ್ ಮಾಡಂಗಿಲ್ಲಂತ.

೧. ಕೇಳಿದ್ದ ತಪ್ಪಾತು

ಅವರ ದೇಶದಾಗ ಪೇಶಂಟ್ ಹೂಂ ಅನ್ನೋತನಕ ಮೈ ಮುಟ್ಟಂಗಿಲ್ಲ. ಅದಕ್ಕ ನನ್ನ ಕಡಿಂದ ಎರಡು ಮಾತು ಕಲ್ತು, ಕೈ ಮುಗಿದು ಎಲ್ಲಾರ್ನೂ ಕೇಳ್ತಿದ್ಲು, "ನಾ ಸೂಜಿ ಹಾಕ್ಲೇನ್ರಿ?" ಕೇಳಿದ ಕೂಡ್ಲೆ ಪೇಶಂಟ್ ಕೈ ಸೆರಗಿನೊಳಗ. ವಾಂತಿಭೇದಿ ಆಗಿ ಬಂದಿದ್ದ ಸಗರ ಊರಿನ ಅಜ್ಜಿ ನನ್ನ ಕರದ್ಲು.

"ನರ್ಸಮ್ಮ, ಕೆಲಸ ಬರೋರು ಕೇಳ್ತಾರೇನವಾ? ಬಸ್ ಡ್ರೈವರ್ ಹಿಂದ ತಿರುಗಿ 'ಗಾಡಿ ಬಿಡ್ಲೇನ್ರಿ' ಅಂದ್ರ ನೀ ಕುಂದರ್ತಿ?"

ಸಲಾಯಿನ್ ನಾನ ಹಚ್ಚಿದೆ.

೨. ಜೋಡಿ ಯಾರು?

ಕಾಲು ಮುರಕೊಂಡಿದ್ದ ಯಜಮಾನ ಒಬ್ಬಂವನ್ನ ಯಾದಗಿರಿ ದೊಡ್ಡ ದವಾಖಾನಿಗೆ ಕಳಿಸಬೇಕಿತ್ತು. ಹುಡುಗಿ ಆಂಬುಲೆನ್ಸ್ ಬಾಗಿಲದಾಗ ನಿಂತು ಮತ್ತ ಕೇಳಿದ್ಲು, ಪೇಶಂಟ್ ಜೋಡಿ ಯಾರು ಬರ್ತೀರಿ ಅಂತ. ಹೆಂಡ್ತಿ ಹತ್ತಿದ್ಲು, ಅಳಿಯ ಹತ್ತಿದ, ಬಾಜು ಮನಿ ಚಾಚಾ ಹತ್ತಿದ, ರೊಟ್ಟಿ ಗಂಟು, ನೀರಿನ ಕೊಡ, ಹಾಸಿಗಿ ಸುರುಳಿನೂ ಹತ್ತಿದ್ವು. ಒಳಗ ಜಾಗ ತುಂಬಿತು. ಪೇಶಂಟ್ ಇನ್ನೂ ಹೊರಗ, ಸ್ಟ್ರೆಚರ್ ಮ್ಯಾಲ. ಮಲಗಿದಲ್ಲಿಂದನ ಅಂದ, "ನೀವು ಹೋಗಿ ಬರ್ರಿ. ನಾ ಇಲ್ಲೇ ಇರ್ತೀನಿ."

೩. ಚುಚ್ಚಿಸ್ಕೊಂಡಾಕಿ

ಹುಡುಗಿ ಮರುದಿನ ಊರಿಗೆ ಹೋಗಾಕಿ. ಸೂಜಿ ಹಾಕಾಕ ಇನ್ನೂ ಒಂದ ಕೈನೂ ಸಿಕ್ಕಿಲ್ಲ. ಮೂಲ್ಯಾಗ ಕುಂತು ಅತ್ಲು. ಮಧ್ಯಾಹ್ನ ಕರೆಂಟ್ ಹೋಗಿ ಫ್ಯಾನ್ ನಿಂತಿತು. ಹುಡುಗಿ ನೀರೂ ಕುಡೀದ ಅಡ್ಡಾಡಾಕತ್ತಿದ್ಲು, ಇನ್ನೂ ಸಲಾಯಿನ್ ಮ್ಯಾಲಿದ್ದ ಸಗರದ ಅಜ್ಜಿ ಮಂಚದ ಮುಂದ ಕಣ್ಣಿಗೆ ಕತ್ತಲಿ ಬಂದು ಬಿದ್ಲು.

ಅಜ್ಜಿ ಗಡಿಬಿಡಿಲೆ ಎದ್ದು ತನ್ನ ಮಂಚ ಬಿಟ್ಟುಕೊಟ್ಲು. ಆ ಗದ್ದಲದಾಗ ಅಜ್ಜಿ ಕೈಯಾಗಿನ ಸೂಜಿ ಕಿತ್ತು ಬಂತು. ಡಾಕ್ಟರ್ ನನಗ, ಹುಡುಗಿಗೆ ಸಲಾಯಿನ್ ಹಚ್ಚು ಅಂದ್ರು. ನಾ ಸೂಜಿ ತಗೊಂಡ್ರ ಹುಡುಗಿ ಕೈ ಹಿಂದಕ್ಕ ಎಳಕೊಂಡ್ಲು. ನೋಡ್ರಿ, ಊರಿಗೆಲ್ಲಾ ಚುಚ್ಚಾಕ ಬಂದಾಕಿಗೆ ಸೂಜಿ ಅಂದ್ರ ಅಂಜಿಕಿ. ಅಜ್ಜಿನ ಆಕಿ ಕೈ ಹಿಡದು, ತಲಿ ಸವರಿ ಸಮಾಧಾನ ಮಾಡಿದ ಮ್ಯಾಲ ಹುಡುಗಿ ಹೂಂ ಅಂದ್ಲು, ನಾ ಹಚ್ಚಿದೆ.

ಸಂಜಿಗೆ ಹುಡುಗಿ ಎದ್ದು ಕುಂತ್ಲು. ಅಜ್ಜಿ ನನ್ನ ಕಡಿ ನೋಡ್ಲೇ ಇಲ್ಲ, ಆಕಿ ಮುಂದ ಕೈ ಚಾಚಿದ್ಲು. "ನೋವು ಉಂಡಾಕಿ ನೀನು. ಹಚ್ಚವಾ."

ಹುಡುಗಿ ಖುಷಿಗೆ, "ನಾ ಸೂಜಿ..." ಅಂತ ಶುರು ಮಾಡಿದ್ಲು. ಅಜ್ಜಿ ಕೈ ಅರ್ಧ ಹಿಂದಕ್ಕ ಹೋತು. ನಾ ಓಡಿ ಹೋಗಿ ಹುಡುಗಿ ಬಾಯಿ ಮುಚ್ಚಿದೆ. ಮೊದಲನೇ ಸಲಕ್ಕ ನರ ಸಿಕ್ತು, ವಾರ್ಡೆಲ್ಲಾ ಚಪ್ಪಾಳಿ. ಹುಡುಗಿ ಅತ್ಲು, ನಾನೂ ಕಣ್ಣು ಒರಸ್ಕೊಂಡೆ.

ಆಕಿ ಊರಿಗೆ ಹೋದ್ಲು. ಮರುದಿನ ನಾ ಸೂಜಿ ತಗೊಂಡು ಅಜ್ಜಿ ಬಾಜು ಮಂಚದ ಮುತ್ಯಾನ ಹತ್ರ ಹೋದೆ. ಮುತ್ಯಾ ಕೈ ಧೋತರದಾಗ ಮುಚ್ಚಿಟ್ಕೊಂಡ.

"ನರ್ಸಮ್ಮ, ಮೊದ್ಲ ನೀ ಚುಚ್ಚಿಸ್ಕೊಂಡು ಬಾ."