ಹೋಲ್ಡ್ ಮಾಡಿ ಎಂದ ಧ್ವನಿಯವರ ಸನ್ನಿಧಾನಕ್ಕೆ

ಷೇರು ಸಲಹಾ ಸಹಾಯವಾಣಿಯ ಒಳಗೆ ನೆಲೆಸಿ, ಕರೆ ಮಾಡಿದವರಿಗೆಲ್ಲ ಬಡವ ಬಲ್ಲಿದ ಎನ್ನದೆ ಒಂದೇ ಸಮನಾದ ಮರ್ಯಾದೆ ಕೊಡುತ್ತಿರುವ ಧ್ವನಿಯವರಿಗೆ, ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಹೊಲಿಗೆ ಮೆಷಿನ್, ಒಬ್ಬ ಹೆಂಡತಿ ಮತ್ತು ಒಬ್ಬ ಅತ್ತೆಯ ಆಶ್ರಯದಲ್ಲಿ ಬಾಳುತ್ತಿರುವ ದರ್ಜಿಯ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಬಲ್ಲೆ, ಏಕೆಂದರೆ ಇಂದು ಬೆಳಿಗ್ಗೆಯೂ ತಮ್ಮ ಮಾತು ಕೇಳಿಸಿಕೊಂಡಿದ್ದೇನೆ. ಕಳೆದ ಹನ್ನೊಂದು ತಿಂಗಳಲ್ಲಿ ತಮಗೆ ಒಂದು ದಿನವೂ ನೆಗಡಿಯಾಗಿಲ್ಲ, ಬೇಸರವಾಗಿಲ್ಲ, ಹಿಂದಿನ ದಿನ ಆಡಿದ ಮಾತು ಮರೆತೂ ಇಲ್ಲ. ತಮ್ಮ ವಿಳಾಸ ಕೇಳಿದರೆ ಯಾರೂ ಕೊಡದ ಕಾರಣ, ಈ ಪತ್ರದ ಒಂದು ಪ್ರತಿಯನ್ನು ನನ್ನ ಅಂಗಡಿಯಲ್ಲಿ ಬಟ್ಟೆ ಹಾಕಿ ನೋಡುವ ಕೋಣೆಯ ಬಾಗಿಲಿಗೆ ಅಂಟಿಸಿ, ಇನ್ನೊಂದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ಪ್ಯಾಂಟು ಬದಲಿಸಲು ಒಳಗೆ ಹೋದವರು ಇದನ್ನು ಓದುತ್ತ ನಿಂತು ಹೊರಗೆ ಬರುವುದನ್ನೇ ಮರೆತಾರು, ಅದು ಬೇರೆ ವಿಷಯ.

ವಿಷಯ ನನ್ನ ಅತ್ತೆಯವರ ಹಲ್ಲು. ಅತ್ತೆಯವರು ನಮ್ಮ ಅಂಗಡಿಯಲ್ಲಿ ಗುಂಡಿ ಹಚ್ಚುವ ಕೆಲಸದವರು, ನಲವತ್ತು ವರ್ಷ ದಾರವನ್ನು ಹಲ್ಲಿನಲ್ಲೇ ಕಡಿದವರು, ಕತ್ತರಿ ಎಲ್ಲಿದೆ ಎಂದು ಒಮ್ಮೆಯೂ ಕೇಳಿದವರಲ್ಲ. ಕಳೆದ ವರ್ಷ ದಂತವೈದ್ಯರು ಅವರ ಬಾಯಲ್ಲಿ ಉಳಿದಿದ್ದ ನಾಲ್ಕೂ ಹಲ್ಲುಗಳನ್ನು ಕಿತ್ತು, ಒಸಡು ಗಟ್ಟಿಯಾಗಲಿ, ಮೂರು ತಿಂಗಳು ಬಿಟ್ಟು ಬಂದರೆ ಇಪ್ಪತ್ತೆಂಟು ಹಲ್ಲಿನ ಪೂರ್ತಿ ಸೆಟ್ಟು ಕೂರಿಸುತ್ತೇನೆ ಎಂದು ಮಾತು ಕೊಟ್ಟರು. ಆ ಕೀಳುವ ಕುರ್ಚಿಗೆ ಹತ್ತುವ ಮುನ್ನ ಅತ್ತೆಯವರು ಸೆಟ್ಟಿಗೆಂದು ಕೂಡಿಸಿಟ್ಟಿದ್ದ ಹಣವನ್ನು ನನ್ನ ಕೈಗಿತ್ತು, "ಅಳಿಯಂದ್ರೇ, ಅಲ್ಲೀವರೆಗೆ ಇದು ನಿಮ್ಮ ಹತ್ರ ಭದ್ರವಾಗಿರ್ಲಿ" ಎಂದರು. ಅವರು ಸ್ಪಷ್ಟವಾಗಿ ಆಡಿದ ಕೊನೆಯ ಮಾತು ಅದು.

ಭದ್ರ ಎಂದರೆ ಏನೆಂದು ಪಕ್ಕದ ಕ್ಷೌರದಂಗಡಿಯವನನ್ನು ಕೇಳಿದ್ದು ನನ್ನ ತಪ್ಪು. ಹಗಲಿಡೀ ಷೇರು ಟಿವಿಯ ಎದುರು ಕತ್ತರಿ ಆಡಿಸುವ ಆ ಮಹಾಶಯ, ಗುಂಡಿ ತಯಾರಿಸುವ ಕಂಪನಿಯೊಂದರ ಷೇರು ತೆಗೆದುಕೊಳ್ಳುವಂತೆ ಹೇಳಿ, ನಾನು ಹಿಂದೆಮುಂದೆ ನೋಡುತ್ತಿದ್ದಾಗ "ಗುಂಡಿಗೆ ದುಡ್ಡು ಹಾಕೋಕೂ ಗುಂಡಿಗೆ ಬೇಕಣ್ಣಾ" ಎಂದು ನನ್ನ ಗಂಡಸುತನವನ್ನೇ ಕೆಣಕಿದ. ದರ್ಜಿಯಾದ ನನಗೆ ಗುಂಡಿಯ ಮೇಲೆ ನಂಬಿಕೆ ಇಲ್ಲದಿದ್ದರೆ ಇನ್ನಾರಿಗೆ ಇರಬೇಕು? ಪ್ರಾಮಾಣಿಕನಾದ್ದರಿಂದ ಖಾತೆಯನ್ನು ಅತ್ತೆಯವರ ಹೆಸರಿನಲ್ಲೇ ತೆರೆಸಿ, ಅವರಿಂದಲೇ ಸಹಿ ಹಾಕಿಸಿ, ಹಲ್ಲಿನ ಹಣವನ್ನೆಲ್ಲ ಗುಂಡಿಗೆ ಹಾಕಿದೆ. ಈ ವಾಕ್ಯವನ್ನು ಈಗ ಓದಿದರೆ ಬೇರೆಯೇ ಅರ್ಥ ಬರುತ್ತದೆ ಎಂದು ನನ್ನ ಹೆಂಡತಿ ಪ್ರತಿ ಊಟದ ಹೊತ್ತಿಗೂ ನೆನಪಿಸುತ್ತಾಳೆ.

ಆದರೆ ಆಗ ಷೇರು ಏರಿತು ಮಾನ್ಯರೇ, ಏಣಿ ಇಟ್ಟವರಂತೆ ಏರಿತು! ನಮ್ಮ ಮನೆಯಲ್ಲಿ ಅದರ ಬೆಲೆಯನ್ನು ಹಲ್ಲಿನಲ್ಲೇ ಎಣಿಸುವ ರೂಢಿ. ಸಂಜೆ ಅಂಗಡಿ ಮುಚ್ಚಿ ಹೋದೊಡನೆ ಹೆಂಡತಿ "ಇವತ್ತು ಎಷ್ಟು ಹಲ್ಲು ರೀ?" ಎಂದು ಕೇಳುವುದು, ನಾನು ಮೂವತ್ತು, ಮೂವತ್ತಾರು ಎಂದು ಹೇಳುವುದು, ಅತ್ತೆಯವರು ಬೊಚ್ಚುಬಾಯಿ ಅಗಲಿಸುವುದು ನಡೆದು, ಎರಡನೇ ತಿಂಗಳ ಕೊನೆಗೆ ಲೆಕ್ಕ ನಲವತ್ತೊಂದು ಹಲ್ಲಿಗೆ ಮುಟ್ಟಿತು. ಅಷ್ಟು ಹಲ್ಲು ಯಾರ ಬಾಯಲ್ಲೂ ಹಿಡಿಯುವುದಿಲ್ಲ, ಇನ್ನು ಮಾರಬೇಕೋ ಇಟ್ಟುಕೊಳ್ಳಬೇಕೋ ಎಂದು ತಿಳಿದವರನ್ನು ಕೇಳೋಣವೆಂದು ನಾನು ಖಾತೆ ತೆರೆದ ಕಡೆಯ ಸಹಾಯವಾಣಿಗೆ ಕರೆ ಮಾಡಿದೆ. ತಮ್ಮ ಪರಿಚಯವಾದ ಶುಭ ಗಳಿಗೆ ಅದು.

ಖರೀದಿಯ ಸಲಹೆಗೆ ಒಂದು ಒತ್ತಿ, ಮಾರಾಟದ ಸಲಹೆಗೆ ಎರಡು ಒತ್ತಿ ಎಂದಿರಿ, ಎರಡು ಒತ್ತಿದೆ. ನನ್ನ ಬಾಯಿಂದ ಒಂದಕ್ಷರ ಹೊರಡುವ ಮೊದಲೇ ತಾವು "ನಿಮ್ಮ ಕರೆ ನಮಗೆ ಬಹಳ ಮುಖ್ಯ, ದಯವಿಟ್ಟು ಹೋಲ್ಡ್ ಮಾಡಿ" ಎಂದುಬಿಟ್ಟಿರಿ. ಮಾರದೆ ಇಟ್ಟುಕೊಳ್ಳುವುದಕ್ಕೆ ಹೋಲ್ಡ್ ಎನ್ನುತ್ತಾರೆಂದು ಕ್ಷೌರದಂಗಡಿಯ ಟಿವಿಯಿಂದ ಕಲಿತಿದ್ದ ನಾನು ದಂಗಾದೆ. ಹೆಸರು ಕೇಳಲಿಲ್ಲ, ಯಾವ ಕಂಪನಿ ಎಂದು ಕೇಳಲಿಲ್ಲ, ಮನಸ್ಸಿನಲ್ಲಿದ್ದದ್ದನ್ನು ತಿಳಿದು ಉತ್ತರ ಕೊಟ್ಟರಲ್ಲ ಎಂದು ಕಣ್ಣು ತುಂಬಿ, ತಮ್ಮ ಅಮೂಲ್ಯ ಸಮಯ ಹಾಳಾಗದಿರಲೆಂದು ತಕ್ಷಣ ಫೋನ್ ಇಟ್ಟುಬಿಟ್ಟೆ.

ಅಂದಿನಿಂದ ಪ್ರತಿ ಸೋಮವಾರ ಕರೆ ಮಾಡಿ ತಮ್ಮ ಅಪ್ಪಣೆ ಪಡೆದೇ ಕತ್ತರಿ ಹಿಡಿಯುವ ಪದ್ಧತಿ ಇಟ್ಟುಕೊಂಡೆ. ಟಿವಿಯ ತಜ್ಞರು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡುತ್ತಿದ್ದರು, ಕ್ಷೌರದಂಗಡಿಯವನು ಒಂದು ತಲೆ ಮುಗಿಯುವುದರೊಳಗೆ ಮೂರು ಅಭಿಪ್ರಾಯ ಬದಲಿಸುತ್ತಿದ್ದ, ತಾವೊಬ್ಬರೇ ಹಿಡಿದ ಪಟ್ಟು ಬಿಡದೆ ನಿಂತಿರಿ. ಷೇರು ಮೂವತ್ತಮೂರು ಹಲ್ಲಿಗೆ ಇಳಿದಾಗ ಹೋಲ್ಡ್ ಮಾಡಿ ಎಂದಿರಿ. ಗುಂಡಿಯ ಕಾಲ ಮುಗಿಯಿತು, ಇನ್ನೇನಿದ್ದರೂ ಜಿಪ್ಪು ಎಂಬ ಸುದ್ದಿ ಹಬ್ಬಿ ಇಪ್ಪತ್ತೆರಡಕ್ಕೆ ಬಿದ್ದಾಗ ಅದೇ ಸೌಜನ್ಯದಿಂದ ಹೋಲ್ಡ್ ಮಾಡಿ ಎಂದಿರಿ. ಅತ್ತೆಯವರು ಮಾತ್ರ ತಮ್ಮನ್ನು ಒಪ್ಪಲಿಲ್ಲ. ಹಲ್ಲಿಲ್ಲದೆ ಅವರ ಬಾಯಲ್ಲಿ ದಂತವೈದ್ಯ ಎಂಬ ಶಬ್ದ ಹೊರಡದು, ಅದಕ್ಕೆ ಮೊದಲು ದಂತ ಬೇಕು. ಆದರೆ "ಮಾರಿಬಿಡಿ" ಎಂಬ ಮಾತಿಗೆ ಹಲ್ಲಿನ ಹಂಗೇ ಇಲ್ಲವೆಂದು ನನಗೆ ಆಗಲೇ ತಿಳಿದದ್ದು. ದಿನಕ್ಕೆ ಹತ್ತು ಸಲ, ಗಂಟೆ ಹೊಡೆದಂತೆ ಮಾರಿಬಿಡಿ ಎನ್ನುತ್ತಿದ್ದರು. ಅಷ್ಟು ದೊಡ್ಡವರು ಹೋಲ್ಡ್ ಮಾಡಿ ಅನ್ನುವಾಗ ಗುಂಡಿ ಹಚ್ಚುವವರ ಮಾತು ಯಾರು ಕೇಳುತ್ತಾರೆ ಎಂದು ನಾನು ನಕ್ಕೆ. ಆ ನಗು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಹೋದ ತಿಂಗಳು ನಿಜ ಬಯಲಾಯಿತು. ಅಂದು ಎರಡೂ ಕೈಯಲ್ಲಿ ಮದುವೆ ಕೋಟಿನ ತೋಳು ಇದ್ದದ್ದರಿಂದ ಕರೆ ಕಡಿಯಲು ಆಗಲಿಲ್ಲ. ತಮ್ಮ ಮಾತು ಮುಗಿದು, ಟಿಣಿಟಿಣಿ ಎಂದು ಯಾವುದೋ ಸಂಗೀತ ಬಂದು, ಕಾಲು ಗಂಟೆಯ ಮೇಲೆ ಒಬ್ಬ ಸಲಹೆಗಾರರು "ಕಾಯಿಸಿದ್ದಕ್ಕೆ ಕ್ಷಮಿಸಿ ಸರ್, ಹೇಳಿ" ಎಂದರು. ನಮ್ಮಿಬ್ಬರ ನಡುವೆ ಬಾಯಿ ಹಾಕಿದ ಅವರ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂದು, ನೀವ್ಯಾರ್ರೀ, ಮೊದಲು ಮೇಡಂ ಅವರಿಗೆ ಫೋನ್ ಕೊಡಿ ಎಂದೆ. ಆ ಪುಣ್ಯಾತ್ಮರು ನಗು ತಡೆದುಕೊಂಡು "ಸರ್, ಅದು ರೆಕಾರ್ಡಿಂಗು. ಹೋಲ್ಡ್ ಮಾಡಿ ಅಂದ್ರೆ ಫೋನ್ ಹಿಡ್ಕೊಂಡಿರಿ ಅಂತ" ಎಂದರು.

ಮಾನ್ಯರೇ, ನಾನು ತೋಳನ್ನು ಕೋಟಿನ ಕುತ್ತಿಗೆಗೆ ಹೊಲಿದೆ.

ಚೇತರಿಸಿಕೊಂಡು, ಈಗ ಹದಿನೇಳು ಹಲ್ಲಿಗೆ ಬಂದಿದೆ, ಮಾರಲೋ ಇಟ್ಟುಕೊಳ್ಳಲೋ ಎಂದು ಆ ಸಲಹೆಗಾರರನ್ನೇ ಕೇಳಿದೆ. ಅವರು ಒಂದು ನಿಮಿಷ ಯೋಚಿಸಿ "ಹೋಲ್ಡ್ ಮಾಡಿ ಸರ್" ಎಂದರು, ಅದರ ಬೆನ್ನಿಗೇ ಟಿಣಿಟಿಣಿ ಬಂದು ಕರೆ ಕಡಿದುಹೋಯಿತು. ನನ್ನ ದೂರು ಇಷ್ಟೇ: ಅದು ಫೋನಿನ ಹೋಲ್ಡೋ ಷೇರಿನ ಹೋಲ್ಡೋ? ಇದೊಂದನ್ನು ಕೇಳಲು ಮೂರು ವಾರದಿಂದ ಫೋನನ್ನು ಎಡಗಿವಿಗೂ ಹೆಗಲಿಗೂ ನಡುವೆ ಅವುಚಿಕೊಂಡೇ ಹೊಲಿಯುತ್ತಿದ್ದೇನೆ. ಕುತ್ತಿಗೆ ವಾಲಿದ್ದರಿಂದ ಕಣ್ಣಿನ ಅಳತೆಯೂ ವಾಲಿ, ಈ ಬೀದಿಯ ಗಂಡಸರ ಅಂಗಿಗಳೆಲ್ಲ ಎಡಭುಜ ಎತ್ತಿಕೊಂಡು ಓಡಾಡುತ್ತಿವೆ. ಕಾಲು ತಮ್ಮ ಸಂಗೀತದ ತಾಳಕ್ಕೇ ಪೆಡಲ್ ತುಳಿಯುತ್ತದೆ. ಟಿಣಿ ಎಂದಲ್ಲಿ ಹೊಲಿಗೆ ಒತ್ತಾಗಿಯೂ, ತಾವು ನಡುವೆ ಬಂದು ನಿಮ್ಮ ಕರೆ ಮುಖ್ಯ ಎಂದಲ್ಲಿ ವಿರಳವಾಗಿಯೂ ಬೀಳುತ್ತಿದೆ. ನಿನ್ನೆ ಒಬ್ಬ ಮೇಷ್ಟ್ರ ಪ್ಯಾಂಟು ಸರಿಯಾಗಿ ಆ "ಮುಖ್ಯ"ದ ಜಾಗದಲ್ಲೇ ಬಿಚ್ಚಿಕೊಂಡಿತು.

ಇವೆಲ್ಲ ನಗೆಯ ಮಾತಾಯಿತು. ನಗಲಾರದ್ದು ಇನ್ನೊಂದಿದೆ. ಅತ್ತೆಯವರು ಈಗಲೂ ಗುಂಡಿ ಹಚ್ಚಿ, ಅಭ್ಯಾಸಬಲದಿಂದ ದಾರವನ್ನು ಬಾಯಿಗೆ ಒಯ್ಯುತ್ತಾರೆ, ನೆನಪಾಗಿ ನಿಲ್ಲಿಸುತ್ತಾರೆ, ಆಮೇಲೆ ಸದ್ದಿಲ್ಲದೆ ಕತ್ತರಿ ಹುಡುಕುತ್ತಾರೆ. ಗಿರಾಕಿಗಳ ಎದುರು ಅಂಗೈ ಅಡ್ಡ ಹಿಡಿಯದೆ ನಗುವುದಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬುದು ಗಾದೆ. ನಾನು ಎರಡನ್ನೂ ಇಲ್ಲದ ಹಾಗೆ ಮಾಡಿದ ಅಳಿಯ. ನನಗೆ ನಾಚಿಕೆಯಾಗುತ್ತದೆ ಮಾನ್ಯರೇ, ಅದನ್ನು ಮನೆಯಲ್ಲಿ ಹೇಳಲಾರದೆ ತಮಗೆ ಬರೆಯುತ್ತಿದ್ದೇನೆ.

ಆದ್ದರಿಂದ ತಾವು ದಯಮಾಡಿ ಫೋನಿನ ಹೋಲ್ಡನ್ನು ಗಂಟಲು ಕೆರೆದುಕೊಂಡೂ ಷೇರಿನ ಹೋಲ್ಡನ್ನು ಕೆರೆಯದೆಯೂ ಹೇಳಬೇಕು. ಯಾವ ಹೋಲ್ಡೆಂದು ತಮಗೇ ತಿಳಿಯದಿದ್ದಾಗ ಕೆಮ್ಮಬೇಕು. ಸಂಗೀತವನ್ನು ದರ್ಜಿಗಳ ಹಿತದೃಷ್ಟಿಯಿಂದ ಒಂದೇ ಲಯದಲ್ಲಿ ನುಡಿಸಬೇಕು. ಹಲ್ಲಿನ ವಿಚಾರಕ್ಕೆ ಒಂಬತ್ತು ಒತ್ತಿ ಎಂಬ ಸೌಲಭ್ಯ ಸೇರಿಸಬೇಕು. ಮತ್ತು ಯಾವುದಾದರೂ ಭಾನುವಾರ ನಮ್ಮ ಮನೆಗೆ ಬಂದು ಅತ್ತೆಯವರ ಎದುರು ಕುಳಿತು, ಹನ್ನೊಂದು ತಿಂಗಳು ಹೋಲ್ಡ್ ಮಾಡಿ ಎಂದವರು ತಾವೇ, ಅಳಿಯನಲ್ಲ ಎಂದು ಒಂದು ಮಾತು ಹೇಳಬೇಕು. ಬರಲು ದೇಹವಿಲ್ಲ ಎಂಬ ಸಣ್ಣ ನೆಪ ಹೇಳಬಾರದು. ಅಳತೆ ಕೊಟ್ಟರೆ ಒಂದು ಬ್ಲೌಸನ್ನು ಉಚಿತವಾಗಿ ಹೊಲಿದುಕೊಡುತ್ತೇನೆ, ಎಡಭುಜದ ಬಗ್ಗೆ ಭರವಸೆ ಇಲ್ಲ.

ಇಂತಿ,
ಇನ್ನೂ ಕಿವಿಗೆ ಫೋನ್ ಒತ್ತಿಕೊಂಡೇ ಇರುವ
ತಮ್ಮ ವಿಶ್ವಾಸಿ,
ವಾಲಿದ ಕುತ್ತಿಗೆಯ ದರ್ಜಿ

ಆಮೇಲೆ ಸೇರಿಸಿದ ಮಾತು: ಪತ್ರಿಕೆಗೆ ಕಳಿಸುವ ಪ್ರತಿಯ ಲಕೋಟೆಗೆ ಅಂಟು ಹಚ್ಚಲೆಂದು ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದ್ದೆ. ಅಷ್ಟರಲ್ಲಿ ಆ ಸಲಹೆಗಾರರು ಲೈನಿಗೆ ಬಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರು ಅಂಗಿ ಗುಂಡಿ ಬದಿಗಿಟ್ಟು ಬಗ್ಗಿ, "ಮಾರಿಬಿಡಿ" ಎಂದರು. ಖಾತೆ ಅವರದೇ, ಸಹಿ ಅವರದೇ, ಮಾತೂ ಸ್ಪಷ್ಟ. ಒಂದೆರಡು ಪ್ರಶ್ನೆಗೆ ಅವರು ಹೂಂಗುಟ್ಟಿದ್ದೂ ಆಯಿತು, ಷೇರು ಮಾರಿಯೂ ಆಯಿತು. ಬಂದ ಹಣ ಸರಿಯಾಗಿ ಹದಿನಾಲ್ಕು ಹಲ್ಲಿನದು. ಆ ಗಡಿಬಿಡಿಯಲ್ಲಿ ಲಕೋಟೆ ಮೇಜಿನ ಮೇಲೆಯೇ ಉಳಿದು, ನಿನ್ನೆ ದಂತವೈದ್ಯರು ಕೆಳಗಿನ ಸಾಲನ್ನು ಕೂರಿಸಿ ಕಳಿಸಿದರು. ಅತ್ತೆಯವರು ಅಂಗಡಿಗೆ ಬಂದು, ಕನ್ನಡಿಯಲ್ಲಿ ಎರಡು ಸಲ ನೋಡಿಕೊಂಡು, ಹದಿಮೂರು ತಿಂಗಳ ನಂತರ ಮೊದಲ ಪೂರ್ತಿ ವಾಕ್ಯ ಆಡಿದರು: "ಅಳಿಯಂದ್ರೇ, ಮೇಲಿನ ಸಾಲಿಗೆ ನಿಮ್ಮ ಮೆಷಿನ್ ಮಾರಿಬಿಡಿ." ನಿಮ್ಮ ಮಾತು ನಮಗೆ ಬಹಳ ಮುಖ್ಯ ಅತ್ತೆ, ದಯವಿಟ್ಟು ಹೋಲ್ಡ್ ಮಾಡಿ ಎಂದಿದ್ದೇನೆ. ಸಂಗೀತವನ್ನು ಸದ್ಯಕ್ಕೆ ನಾನೇ ಗುನುಗುತ್ತಿದ್ದೇನೆ.