ಮಾಳಿಗೆ ಮೇಲಿನ ಸಮಾಜ

ರಾಯಚೂರಿನ ಸಮಸ್ತ ಯೆಹೂದಿ ಸಮಾಜ ನಮ್ಮ ಮನೆಯ ಮಾಳಿಗೆ ಮೇಲೆ ವಾಸವಾಗಿದೆ. ನಗಬೇಡಿ, ನಿಜ! ಇಡೀ ಸಮಾಜ ಬೆಳಿಗ್ಗೆ ಎರಡು ಕಪ್ಪು ಚಹಾ ಕುಡಿಯುತ್ತದೆ, ಮೆಟ್ಟಿಲು ಇಳಿಯುವಾಗ ಮೊಣಕಾಲು ಹಿಡಿದುಕೊಂಡು "ಅಗ್ಗಬಾಯಿ!" ಎನ್ನುತ್ತದೆ, ಮಧ್ಯಾಹ್ನ ಎರಡು ತಾಸು ಗೊರಕೆ ಹೊಡೆಯುತ್ತದೆ. ಆ ಸಮಾಜದ ಅಧ್ಯಕ್ಷೆ, ಕಾರ್ಯದರ್ಶಿ, ಸದಸ್ಯೆ ಎಲ್ಲ ನಮ್ಮ ಕಾಕಿಯೇ. ಸಮಾಜದಲ್ಲಿ ಭಿನ್ನಮತವೂ ಉಂಟು. ಅದೂ ಆಕೆಯದೇ!

ದೇವದುರ್ಗದ ನಮ್ಮ ಕಾಕಾ ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದರು. ಹಣೆಗೆ ಮೂರು ಬೆರಳು ವಿಭೂತಿ ಇಲ್ಲದೆ ಹೊಸ್ತಿಲು ದಾಟಿದವರಲ್ಲ. ಅಂಥವರು ತರಬೇತಿಗೆಂದು ಠಾಣೆ ಪಟ್ಟಣಕ್ಕೆ ಹೋಗಿ, ಬರುವಾಗ ಸರ್ಟಿಫಿಕೇಟಿನ ಜೊತೆ ಒಬ್ಬ ನರ್ಸಮ್ಮನನ್ನೂ ಕರೆತಂದರು. ಕೊಂಕಣದ ಬೆನೆ ಇಸ್ರೇಲಿ ಯೆಹೂದಿಗಳ ಹುಡುಗಿ, ಮನೆಮಾತು ಮರಾಠಿ. ಆಕೆಯ ಹಿರಿಯರು ಎಣ್ಣೆ ಗಾಣ ಹೊಡೆಯುತ್ತಿದ್ದವರಂತೆ. ಶನಿವಾರ ಮಾತ್ರ ಏನು ಕೊಟ್ಟರೂ ಗಾಣ ತಿರುಗಿಸುತ್ತಿರಲಿಲ್ಲವಂತೆ.

ಗಾಣ ಹೋದರೂ ಶನಿವಾರ ಹೋಗಲಿಲ್ಲ. ಶುಕ್ರವಾರ ಹೊತ್ತು ಮುಳುಗಿದರೆ ಮರುದಿನ ಹೊತ್ತು ಮುಳುಗುವ ತನಕ ಕಾಕಿ ಸ್ವಿಚ್ಚು ಮುಟ್ಟುವುದಿಲ್ಲ. ಗಂಡ ನಾಡಿಗೆಲ್ಲ ಕರೆಂಟು ತಯಾರಿಸುವ ಕಡೆ ದುಡಿಯುತ್ತಾನೆ, ಹೆಂಡತಿ ಒಂದು ಫ್ಯಾನು ಹಚ್ಚುವುದಿಲ್ಲ! ರಾಯಚೂರಿನ ಬೇಸಿಗೆಯಲ್ಲಿ! ಕ್ವಾರ್ಟರ್ಸಿನ ಹೆಂಗಸರು ತಮ್ಮಷ್ಟಕ್ಕೆ ತಾವೇ ಒಂದು ತೀರ್ಮಾನಕ್ಕೆ ಬಂದರು. "ಹನುಮಪ್ಪನ ವಾರ ಇಷ್ಟು ಕಡಕ್ ಮಾಡೋ ಹೆಣಮಗಳನ್ನ ನಾವೆಲ್ಲೂ ಕಂಡಿಲ್ಲ ನೋಡ್ರಿ" ಎಂದು ಪ್ರತಿ ಶನಿವಾರ ಗುಡಿಯಿಂದ ಕಾಯಿ-ಬೆಲ್ಲ ತಂದುಕೊಡತೊಡಗಿದರು. ಕಾಕಿ ಅದನ್ನು ಕಾಕಾನ ಕೈಗೆ ದಾಟಿಸಿ, "ಪ್ರಸಾದ ನಿಮಗ, ರಜಾ ನನಗ" ಎನ್ನುತ್ತಿದ್ದಳು.

ಒಮ್ಮೆ ಯಾವುದೋ ಯಂತ್ರ ಜೋಡಿಸಲು ಹೊರದೇಶದ ಎಂಜಿನಿಯರೊಬ್ಬ ಬಂದಿದ್ದ. ಅವನೂ ಯೆಹೂದಿ ಎಂದು ಕಾಕಾ ಸುದ್ದಿ ತಂದದ್ದೇ ತಡ, ಕಾಕಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಶುಕ್ರವಾರದ ಊಟಕ್ಕೆ ಕರೆಸಿದಳು, ಹೊಸ ಇಳಕಲ್ ಸೀರೆ ಉಟ್ಟಳು. ಅವನು ಬಂದವನೇ ಆಕೆಯ ಸೀರೆ ನೋಡಿದ, ಕರಿಮಣಿ ನೋಡಿದ, ಮೈಬಣ್ಣ ನೋಡಿದ. ಕೊನೆಗೆ, "ನೀವು ನಮ್ಮವರ ಹಾಗೆ ಕಾಣುವುದೇ ಇಲ್ಲವಲ್ಲ!" ಎಂದ.

"ನೀವೂ ಶಕ್ತಿನಗರದವರ ಹಂಗ ಕಾಣಂಗಿಲ್ಲ. ನಾ ಏನರ ಅಂದೆನಾ? ಊಟಕ್ಕ ಕುಂದರ್ರಿ" ಎಂದಳು ಕಾಕಿ.

ಈ ಕಥೆಯನ್ನು ಆಕೆ ನಗುನಗುತ್ತಲೇ ಹೇಳುತ್ತಾಳೆ. ಆದರೆ ಆ ಇಳಕಲ್ ಸೀರೆಯನ್ನು ಮತ್ತೆ ಉಟ್ಟದ್ದನ್ನು ನಾನು ನೋಡಿರಲಿಲ್ಲ.

ಕಾಕಾ ತೀರಿಕೊಂಡ ಮೇಲೆ ಕಾಕಿ ನಮ್ಮ ಮಾಳಿಗೆ ಮೇಲಿನ ಕೋಣೆಗೆ ಬಂದಳು. ಏಳು ವರ್ಷವಾಯಿತು. ಶುಕ್ರವಾರ ಸಂಜೆ ಗಾಜಿನ ಬಟ್ಟಲಲ್ಲಿ ಎಣ್ಣೆ ಹಾಕಿ ದೀಪ ಹಚ್ಚಿ, ಕಣ್ಣು ಮುಚ್ಚಿ ಹೀಬ್ರೂವಿನಲ್ಲಿ ಪ್ರಾರ್ಥನೆ ಹೇಳುತ್ತಾಳೆ. ಕೊನೆಗೆ ಬಂದಾಗ ಗಕ್ಕನೆ ನಿಲ್ಲುತ್ತಾಳೆ. ಹತ್ತು ಎಣಿಸುವಷ್ಟು ಹೊತ್ತು ಸುಮ್ಮನೆ! ಆಮೇಲೆ ಕಣ್ಣು ತೆರೆದು, ಏನೂ ಆಗದವರ ಹಾಗೆ "ಪಲ್ಯ ಏನ್ ಮಾಡೀರಿ?" ಎಂದು ಕೇಳುತ್ತಾಳೆ.

"ಯಾಕ ಕಾಕಿ ಹಂಗ ನಿಲ್ತಿ? ಮರೀತದೇನು?" ಎಂದು ಒಂದು ದಿನ ಕೇಳಿದೆ.

"ಅಲ್ಲಿ ಆಮೇನ್ ಅನ್ನಬೇಕು ತಂಗಿ. ನಮ್ಮ ಪ್ರಾರ್ಥನಿಗೆ ನಾವೇ ಆಮೇನ್ ಅಂದಕೊಳ್ಳಂಗಿಲ್ಲ. ಕೇಳಿದವರು ಅನ್ನಬೇಕು. ನಿಮ್ಮ ಕಾಕಾ ಅಂತಿದ್ರು, ಓಣಿಗೆಲ್ಲ ಕೇಳಂಗ."

"ಅಷ್ಟ ಹೌದಿಲ್ಲೋ? ನಾ ಅಂತೀನಿ ತಗೋ. ಯಾವಾಗ ಅಂತ ಸನ್ನಿ ಮಾಡು."

"ಸನ್ನಿ ಮಾಡಿ ಅನ್ನಿಸಿಕೊಂಡ್ರ ಅದು ಸಾಲಿ ಹಾಜರಿ ಆಗ್ತದ. ನೀ ಹೋಗು, ಪಲ್ಯ ನೋಡು."

ನಮ್ಮ ಅವ್ವನಿಗೂ ಕಾಕಿಗೂ ಇರುವುದು ಶುದ್ಧ ನೆಗೆಣ್ಣಿಯರ ಸಂಬಂಧ. ಅಂದರೆ ದಿನಕ್ಕೆ ಮೂರು ಜಗಳ, ಹಬ್ಬಕ್ಕೆ ಐದು. ಅವ್ವ ಮಾನ್ವಿಯ ಅಕ್ಕಿ ಗಿರಣಿಯವರ ಮಗಳು. ಅಡುಗೆಯ ವಿಷಯದಲ್ಲಿ ತನ್ನ ಮಾತೇ ಕೊನೆಯ ಮಾತು ಎಂಬುದು ಆಕೆಯ ಧರ್ಮ. "ಮಾಳಿಗಿ ಮ್ಯಾಲಿನಾಕಿ" ಎಂದೇ ಕಾಕಿಯನ್ನು ಕರೆಯುವುದು. ಶುಕ್ರವಾರ ಮೇಲೆ ಪ್ರಾರ್ಥನೆ ನಡೆದಾಗ ಕೆಳಗೆ ಅವ್ವ ದಬದಬ ರೊಟ್ಟಿ ಬಡಿಯುತ್ತಾಳೆ. ಬೇಕೆಂದೇ ಜೋರಾಗಿ ಬಡಿಯುತ್ತಾಳೆ ಎಂಬುದು ನನ್ನ ಗುಮಾನಿಯಾಗಿತ್ತು.

ಹೀಗಿರುವಾಗ ಠಾಣೆಯಿಂದ ಕಾಕಿಯ ತಮ್ಮನ ಮೊಮ್ಮಗಳ ಫೋನು ಬಂತು. ಹೊರದೇಶದ ಒಂದು ಸಂಘದವರು ಮೊಬೈಲಿನಲ್ಲೇ ಕಾರ್ಯಕ್ರಮ ನಡೆಸುತ್ತಾರಂತೆ. ಇಥಿಯೋಪಿಯಾ, ಯೆಮನ್, ಕೊಚ್ಚಿ, ಕೊಂಕಣ, ಹೀಗೆ ಬಿಳಿಯರಲ್ಲದ ಯೆಹೂದಿಗಳು ತಮ್ಮ ತಮ್ಮ ಪದ್ಧತಿ ತೋರಿಸಿ, ಅನುಭವ ಹೇಳಬೇಕು. ಕಾಕಿಗೆ ಏಳು ನಿಮಿಷ. "ಬಣ್ಣದ ಯೆಹೂದಿಗಳ ಹಬ್ಬ ಅಂತ ಅಜ್ಜಿ" ಎಂದು ಹುಡುಗಿ ವಿವರಿಸಿದಳು.

ಅವ್ವ ಕೆಳಗಿನಿಂದಲೇ ಕಿವಿಗೊಟ್ಟಿದ್ದಳು. "ಇವರು ಬಣ್ಣದವರಾದ್ರ ಬಾಕಿದವರೇನು, ಸುಣ್ಣ ಬಳೀದ ಗೋಡೇನು?" ಎಂದಳು.

ಕಾಕಿ ಮಲೀದಾ ಮಾಡುವುದೆಂದು ಗೊತ್ತುಮಾಡಿದಳು. ಬೇರೆ ಯಾವ ಯೆಹೂದಿಗಳಲ್ಲೂ ಇಲ್ಲದ್ದು, ಇವರದೇ ಸ್ವಂತ ಪದ್ಧತಿ. ಅವಲಕ್ಕಿಗೆ ಬೆಲ್ಲ, ಹಸಿ ಕೊಬ್ಬರಿ ಕಲಸಿ, ಸುತ್ತ ಐದು ಥರ ಹಣ್ಣಿಟ್ಟು, ಮೇಲೊಂದು ಗುಲಾಬಿ ಇಟ್ಟು, ಎಲಿಯಾ ಪ್ರವಾದಿಯನ್ನು ನೆನೆದು ಪ್ರಾರ್ಥನೆ ಹೇಳಿ ಹಂಚುವುದು. ಎದುರು ಮನೆಯ ಖಾಲಾ ಬಂದು, "ಮಲೀದಾಕ್ಕ ಅವಲಕ್ಕಿ? ನಮ್ಮ ಮೊಹರಮ್ಮಿಗಿ ಚಪಾತಿ ಮುರದು ಮಾಡ್ತೀವಲ್ಲಬೇ!" ಎಂದು ಅರ್ಧ ತಾಸು ವಾದ ಮಾಡಿ ಹೋದಳು.

ಎಲ್ಲ ಸರಿ. ಆದರೆ ಕಾರ್ಯಕ್ರಮಕ್ಕೆ ಮೂರು ದಿನ ಇರುವಾಗ ಆ ಹುಡುಗಿಯೇ ಮತ್ತೆ ಫೋನು ಮಾಡಿ, "ಅಜ್ಜಿ, ಒಬ್ಬಾಕಿನೇ ಕೂಡಬ್ಯಾಡ. ನಿಮ್ಮ ಊರಿನ ನಮ್ಮ ಮಂದಿ ಜೋಡಿ ಕೂಡು" ಎಂದಳು. ಕಾಕಿ ಫೋನು ಇಟ್ಟು ನನ್ನ ಕಡೆ ತಿರುಗಿದಳು.

"ಮಂದಿನ ಎಲ್ಲಿಂದ ತರ್ಲಿ ತಂಗಿ? ಆಮೇನ್ ಅನ್ನೋರಿಲ್ಲದ ಮಲೀದಾ ಬರೇ ಫಳಾರ. ಅಷ್ಟು ಮಂದಿ ಮುಂದ ನಾ ಆಮೇನ್ ಜಾಗಾಕ್ಕ ಬಂದು ನಿಂತ್ರ... ಇಕಿ ನಮ್ಮಾಕಿ ಅಲ್ಲೇ ಅಲ್ಲ ಅಂತಾರ." ಆ ಎಂಜಿನಿಯರ್ ಅಂದ ಮಾತು ಇಷ್ಟು ವರ್ಷ ಎಲ್ಲಿ ಕೂತಿತ್ತೆಂದು ನನಗೆ ಆಗ ಗೊತ್ತಾಯಿತು.

ಭಾನುವಾರ ಸಂಜೆ ಆರೂವರೆಗೆ ಕಾರ್ಯಕ್ರಮ. ಐದೂವರೆಗೆ ಕಾಕಿ ಅವಲಕ್ಕಿ ತೊಯ್ಸಿ, ನಮ್ಮ ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಸೀರೆ ಉಡಲು ಮೇಲೆ ಹೋದಳು. ಪೆಟ್ಟಿಗೆಯ ತಳದಿಂದ ಆ ಇಳಕಲ್ ಸೀರೆಯನ್ನೇ ತೆಗೆದಿದ್ದಳು. ನಾನು ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿ ನಿಲ್ಲಿಸುತ್ತಿದ್ದೆ. ಕೆಳಗಿನಿಂದ "ಚೊಂಯ್" ಎಂಬ ಸದ್ದು. ಹಿಂದೆಯೇ ಸಾಸಿವೆ, ಕರಿಬೇವಿನ ಘಮ!

ಓಡಿಹೋಗಿ ನೋಡಿದರೆ ಅವಲಕ್ಕಿ ಬಾಣಲೆಯಲ್ಲಿತ್ತು. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಶೇಂಗಾ, ಅರಿಷಿಣ. ಯಾವುದಕ್ಕೂ ಕೊರತೆಯಿರಲಿಲ್ಲ!

"ಯವ್ವಾ! ಏನ್ ಮಾಡಿದಿ?"

"ತೊಯ್ಸಿದ ಅವಲಕ್ಕಿ ಎಷ್ಟೊತ್ತು ಇಡಾಕ ಬರ್ತದ? ಮುದ್ದಿ ಆಗ್ತದಂತ ಒಗ್ಗರಣಿ ಹಾಕಿದೆ. ಮ್ಯಾಲಿನಾಕಿ ಮಾತಾಡಿ ಹಸದು ಬರ್ತಾಳ, ತಿನ್ನಲಿ."

ತೊಯ್ಸಿದ ಅವಲಕ್ಕಿ ಕಣ್ಣಿಗೆ ಬಿದ್ದ ಮೇಲೂ ಒಗ್ಗರಣೆ ಹಾಕದೆ ಬಿಡುವ ಹೆಣ್ಣು ಮಾನ್ವಿ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಅದು ಮಲೀದಾದ ಅವಲಕ್ಕಿ ಎಂದು ತಿಳಿದಾಗ ಅವ್ವನ ಮುಖ ಬಾಣಲೆಗಿಂತ ಕಪ್ಪಾಯಿತು. ಭಾನುವಾರ, ಓಣಿಯ ಅಂಗಡಿಗೆ ಬೀಗ. ಅವ್ವ ಚಪ್ಪಲಿ ಕೂಡ ಮೆಟ್ಟದೆ ಮನೆಮನೆ ತಿರುಗಿದಳು. ಯಾವ ಕೆಲಸಕ್ಕೂ ಯಾರ ಮನೆಯ ಹೊಸ್ತಿಲೂ ತುಳಿಯದ ಗಿರಣಿ ಸಾಹುಕಾರರ ಮಗಳು! ಖಾಲಾ ಕೊಟ್ಟದ್ದು ದಪ್ಪ ಅವಲಕ್ಕಿ, ಮೂಲೆಮನೆಯವರದು ಪೇಪರ್ ಅವಲಕ್ಕಿ, ಇನ್ನೊಬ್ಬರದು ಎರಡರ ನಡುವಿನದು. ಎಲ್ಲ ಒಂದೇ ತಾಟಿಗೆ ಬಿತ್ತು. ಕಾಕಿ ನೋಡಿದಳು. ಬೆಲ್ಲ ಕಲಸಿದಳು. ಆಕೆ ಬೈಯದೇ ಇದ್ದದ್ದೇ ಅವ್ವನಿಗೆ ಹೆಚ್ಚು ಚುಚ್ಚಿತು. ಮೇಲಿನ ಕೋಣೆಯ ಬಾಗಿಲ ಹೊರಗೆ, ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಕಾರ್ಯಕ್ರಮ ಶುರುವಾಯಿತು. ಪರದೆಯ ತುಂಬ ಚಿಕ್ಕ ಚಿಕ್ಕ ಚೌಕಗಳಲ್ಲಿ ಮುಖಗಳು. ಕರಿ, ಕಂದು, ಗೋಧಿ, ಎಲ್ಲ ಬಣ್ಣದವು. ಒಬ್ಬ ಅಜ್ಜಿಯಂತೂ ಥೇಟ್ ನಮ್ಮ ಗಿಲ್ಲೆಸುಗೂರಿನ ಸೋದರತ್ತೆ! ನಿರೂಪಕಿ ಕೇಳಿದಳು, ಠಾಣೆಯ ಹುಡುಗಿ ಮರಾಠಿಗೆ ತಿರುಗಿಸಿದಳು: ನಿಮ್ಮೂರಲ್ಲಿ ನಮ್ಮವರು ಎಷ್ಟು ಮಂದಿ?

"ನನಗ ತಿಳದಂಗ, ನಾ ಒಬ್ಬಾಕಿ" ಎಂದಳು ಕಾಕಿ. ಅವಸರಕ್ಕೆ ಕನ್ನಡವೇ ಬಂದಿತ್ತು.

ತಾಟು ಮುಂದಿಟ್ಟುಕೊಂಡು, ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿದಳು. ದನಿ ಮೊದಲು ನಡುಗಿತು, ಆಮೇಲೆ ಸರಿಹೋಯಿತು. ಕೊನೆಗೆ ಬಂದು ನಿಂತಳು. ಪರದೆಯಲ್ಲಿ ಎಲ್ಲರ ತುಟಿಗಳು ಅಲುಗಿದವು. ಆದರೆ ಗದ್ದಲವಾಗಬಾರದೆಂದು ಎಲ್ಲರ ಮೈಕು ಬಂದ್ ಮಾಡಿಸಿದ್ದರಲ್ಲ! ಒಂದು ಸದ್ದಿಲ್ಲ. ಕಣ್ಣು ಮುಚ್ಚಿದ ಕಾಕಿಗೆ ಆ ತುಟಿಗಳೂ ಕಾಣವು. ನಾನು ಅನ್ನೋಣವೆಂದರೆ ಆ ಸಾಲಿ ಹಾಜರಿಯ ಮಾತು ನೆನಪಾಯಿತು.

"ಆಮೇನ್."

ಮೆಟ್ಟಿಲ ಕಡೆಯಿಂದ ಬಂತು. ಸೆರಗು ತಲೆಯ ಮೇಲೆ ಹೊದ್ದು ಅವ್ವ ಬಾಗಿಲಲ್ಲಿ ನಿಂತಿದ್ದಳು. ಯಾರೂ ಸನ್ನೆ ಮಾಡಿರಲಿಲ್ಲ. ಕಾಕಿ ಎರಡನೆಯ ಪ್ರಾರ್ಥನೆ ಹೇಳಿದಳು, ಮೂರನೆಯದು ಹೇಳಿದಳು. ಪ್ರತಿ ಸಲವೂ ಸರಿಯಾದ ಜಾಗಕ್ಕೆ ಅವ್ವನ ಆಮೇನ್ ಬಂದು ಕೂತಿತು.

ಕಾರ್ಯಕ್ರಮ ಮುಗಿದ ಮೇಲೆ ಕಾಕಿ ಅವ್ವನನ್ನೇ ನೋಡುತ್ತ ಕೇಳಿದಳು, "ಎಲ್ಲಿ ಅನ್ನಬೇಕಂತ ನಿನಗ್ಯಾರು ಹೇಳಿದ್ರು, ಯಕ್ಕಾ?"

"ಹೇಳೋದೇನು? ಏಳು ವರ್ಷ ರೊಟ್ಟಿ ಬಡಕೋತ ಕೇಳೀನಿ. ನೀ ಅಲ್ಲಿ ನಿಂತಾಗೆಲ್ಲ ನನ್ನ ಕೈನೂ ನಿಲ್ತಿತ್ತು. ವಿಭೂತಿ ಹಚ್ಚೋ ನನ್ನಂಥಾಕಿ ಅಂದ್ರ ನಡೀತದೋ ಇಲ್ಲೋ ಅಂತ ಮನಸಿನಾಗ ಅಂದಕೋತಿದ್ದೆ."

"ಮನಸಿನಾಗ ಅಂದ್ರ ನನಗ ಹ್ಯಾಂಗ ಕೇಳಿಸಬೇಕಬೇ!" ಎಂದು ಗದರಿದ ಕಾಕಿ, ಇಳಕಲ್ ಸೀರೆಯ ಸೆರಗಿನಿಂದ ಮುಖ ಮುಚ್ಚಿಕೊಂಡು ಗಳಗಳ ಅತ್ತಳು.

ಹೋದ ಶುಕ್ರವಾರ ನಾನು ದೇವದುರ್ಗದ ಬಸ್ಸಿಳಿದು ಮನೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಮೇಲೆ ದೀಪ ಹತ್ತಿತ್ತು, ಕೆಳಗೆ ರೊಟ್ಟಿಯ ದಬದಬ ನಡೆದಿತ್ತು. ಕಾಕಿಯ ದನಿ ನಿಂತಿತು. ರೊಟ್ಟಿಯ ಸದ್ದೂ ನಿಂತಿತು. ಆಮೇಲೆ ನಮ್ಮ ಅವ್ವ, ಕೈಯೆಲ್ಲ ಜೋಳದ ಹಿಟ್ಟು, ಕತ್ತು ಮೇಲಕ್ಕೆತ್ತಿ ಓಣಿಗೆಲ್ಲ ಕೇಳುವಂತೆ ಆಮೇನ್ ಎಂದಳು.