ಬೇಡ ಅನ್ನಬಾರದ ಹೊತ್ತು

ಫೋನಿನಲ್ಲಿ ಒಂದು ಸಾಮಾನು ಕೊಂಡರೆ ಅದರ ಬೆನ್ನಿಗೆ ಇನ್ನೊಂದು ಮನೆ ಹೊಗುತ್ತದೆ. ನಾವು ಕೇಳಿರುವುದಿಲ್ಲ, ಕರೆದಿರುವುದಿಲ್ಲ. ಮೊದಲು ಪುಕ್ಕಟೆ ಎನ್ನುತ್ತದೆ. ಆಮೇಲೆ ಬ್ಯಾಂಕಿನಿಂದ ತಾನೇ ತೆಗೆದುಕೊಳ್ಳುತ್ತದೆ. ನಮ್ಮ ಓಣಿಯಲ್ಲಿ ಇದು ಆಗದ ಮನೆ ಇಲ್ಲ.

ನಾನು ಬಸ್ ಕಂಡಕ್ಟರ್ ಆಗಿದ್ದವನು. ರಾಯಚೂರಿನಿಂದ ಮಾನ್ವಿ, ಇಲ್ಲವೇ ದೇವದುರ್ಗ. ಇಡೀ ನೌಕರಿಯನ್ನು ‘ಮುಂದ ನಡೀರಿ’, ‘ಚಿಲ್ರಿ ಕೊಡ್ರಿ’ ಎಂಬ ಎರಡು ಮಾತಿನಲ್ಲಿ ಮುಗಿಸಿದೆ. ಹತ್ತದ ಬಸ್ಸಿಗೆ ಯಾರಿಗೂ ಟಿಕೆಟ್ ಹರಿದವನಲ್ಲ. ಉಳಿದ ಮಾತೆಲ್ಲ ನನ್ನ ಪರವಾಗಿಯೂ ಹೆಂಡತಿಯೇ ಆಡುತ್ತಿದ್ದಳು.

ಹೋದ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಫೋನು ಉಳಿಯಿತು. ಅದರೊಳಗೆ ಅವಳು ತಿಳಿಯದೆ ಸೇರಿಕೊಂಡ ಸದಸ್ಯತ್ವಗಳೂ ಉಳಿದವು. ಮಾನ್ವಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಮಗಳು ದಿನಾ ಫೋನು ಮಾಡಿ ಹೇಳುತ್ತಾಳೆ: “ಯಪ್ಪಾ, ಎಲ್ಲಾ ಬಂದ್ ಮಾಡು.” ಮಾಡಿದೆ. ಒಂದು ಉಳಿದಿದೆ. ಅದಕ್ಕೆ ಕೈ ಬರುತ್ತಿಲ್ಲ.

ಅದು ಕೊನೆಗೆ. ಮೊದಲು ಉಳಿದವನ್ನು ಹೇಳುತ್ತೇನೆ.

ಮುಚ್ಚಳ

ಮಿಕ್ಸಿ ಜಾರಿನ ಮುಚ್ಚಳ ಒಡೆಯಿತು. ಪೇಟೆಗೆ ಹೋಗಿ ತರುತ್ತೇನೆ ಎಂದೆ.

“ಈ ಹೊತ್ತಿನ್ಯಾಗ ಯಾಕ ಹೋಗ್ತೀರಿ, ಫೋನಿನ್ಯಾಗ ಸಿಗ್ತದ” ಎಂದು ಹೆಂಡತಿ ಕೂತಳು.

ಮುಚ್ಚಳ ಸಿಕ್ಕಿತು. ಕೊಳ್ಳುವ ಮೊದಲು, ಒಂದು ತಿಂಗಳು ಪುಕ್ಕಟೆ ಸದಸ್ಯರಾಗುತ್ತೀರಾ ಎಂದು ಪರದೆ ಕೇಳಿತು. ದೊಡ್ಡ ಹಳದಿ ಪಟ್ಟಿಯಲ್ಲಿ ‘ಹೌದು, ನನಗೆ ಲಾಭ ಬೇಕು’ ಎಂದಿತ್ತು. ಅದರ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ‘ಬೇಡ, ನನಗೆ ಲಾಭ ಬೇಡ’.

ಆಗ ಮುಸ್ಸಂಜೆ. ದೀಪ ಹಚ್ಚುವ ಹೊತ್ತು.

ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಬೇಡ, ಇಲ್ಲ, ತೀರಿತು ಎಂಬ ಮಾತು ಬಾಯಿಂದ ಬೀಳುವಂತಿರಲಿಲ್ಲ. ಅಕ್ಕಿ ತೀರಿದ್ದರೆ ‘ಅಕ್ಕಿ ಹೆಚ್ಚಾಗ್ಯಾವ’ ಎನ್ನಬೇಕು. ನೆರೆಯವರು ಉಪ್ಪು ಕೇಳಿದರೆ ‘ಮುಂಜಾನಿ ಬರ್ರಿ’ ಎನ್ನಬೇಕು. ಲಕ್ಷ್ಮಿ ಹೊಸ್ತಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿರುತ್ತಾಳಂತೆ.

“ಸಣ್ಣದು ಒತ್ತು” ಎಂದೆ.

“ದೀಪ ಹಚ್ಚೋ ಹೊತ್ತಿನ್ಯಾಗ ಲಾಭ ಬ್ಯಾಡ ಅಂತ ಯಾರರ ಅಂತಾರೇನ್ರೀ? ಮನಿತನ ಉಳೀತದೇನು?”

ಹಳದಿ ಒತ್ತಿದಳು. ಪಿನ್ ನಂಬರ್ ಹಾಕಿದಳು. ಮುಚ್ಚಳದ ದುಡ್ಡಿಗೆ ಎಂದುಕೊಂಡಳು. ಅದು ತಿಂಗಳು ತಿಂಗಳು ಕೇಳದೆ ಕಡಿದುಕೊಳ್ಳಿ ಎಂದು ಕೊಟ್ಟ ಒಪ್ಪಿಗೆ.

“ತಿಂಗಳಾದ ಮ್ಯಾಲ ರೊಕ್ಕ ಕಡೀತಾರ” ಎಂದೆ.

“ಕಡಿಯೂ ದಿನ ಮುಂಜಾನೆದ್ದು ಬ್ಯಾಡ ಅಂದ್ರಾತು. ಮುಂಜಾನಿ ಅಂದ್ರ ದೋಷಿಲ್ಲ.”

ತಿಂಗಳು ತುಂಬಿದ ದಿನ ಮುಂಜಾನೆಯೇ ಫೋನು ಹಿಡಿದು ಕೂತಳು. ಸ್ವಲ್ಪ ಹೊತ್ತು ನೋಡಿದಳು. ಎದ್ದು ಒಳಗೆ ಹೋದಳು.

“ಯಾಕ?” ಎಂದೆ.

“ಇವತ್ತು ಮಂಗಳವಾರ ಅದರೀ.”

ಮುಚ್ಚಳ ನಮ್ಮ ಜಾರಿಗೆ ಕೂರಲಿಲ್ಲ. ಸದಸ್ಯತ್ವ ಮಾತ್ರ ಗಟ್ಟಿಯಾಗಿ ಕೂತಿತು.

ರಾಜಾ

ಪಕ್ಕದ ಮನೆಯ ಚಾಚಾ ಬಳೆ ವ್ಯಾಪಾರಿ. ಬಕ್ರೀದ್‌ಗೆ ಬಹಳ ಮೊದಲೇ ಒಂದು ಮರಿ ತಂದು ಅಂಗಳದಲ್ಲಿ ಸಾಕಿದರು. ರಾಜಾ ಎಂದು ಕರೆದರು. ನನ್ನ ಹೆಂಡತಿ ದಿನಾ ಗೋಡೆಯ ಮೇಲಿಂದ ಸೊಪ್ಪಿನ ದಂಟು, ಸೌತೆಕಾಯಿ ಸಿಪ್ಪೆ ಹಾಕುತ್ತಿದ್ದಳು. ಅವಳ ಬಳೆ ಸಪ್ಪಳ ಕೇಳಿದರೆ ಸಾಕು, ಅದು ಗೋಡೆಗೆ ಮುಂಗಾಲು ಇಟ್ಟು ನಿಲ್ಲುತ್ತಿತ್ತು.

ಚಾಚಾ ಅದಕ್ಕೆ ಗೆಜ್ಜೆ ಇರುವ ಕೊರಳಪಟ್ಟಿ ಬೇಕೆಂದು ಫೋನಿನಲ್ಲಿ ಹುಡುಕಿದರು. ನಾಯಿಯ ಸಾಮಾನಿನಲ್ಲಿ ಸಿಕ್ಕಿತು. ಹೆಸರು ಕೇಳಿತು, ಬರೆದರು. ಹುಟ್ಟಿದ ದಿನ ಕೇಳಿತು, ಸಂತೆಯಿಂದ ತಂದ ದಿನವನ್ನೇ ಬರೆದರು. ಕೊರಳಪಟ್ಟಿ ಬಂತು. ಜೊತೆಗೆ ಸಾಕುಪ್ರಾಣಿಗಳ ತಂದೆತಾಯಿ ಸಂಘ ಎಂಬುದರ ಸದಸ್ಯತ್ವವೂ ಬಂತು. ಮೊದಲು ಪುಕ್ಕಟೆ.

ಬಕ್ರೀದ್ ಮುಗಿಯಿತು. ಮರುದಿನ ನನ್ನ ಹೆಂಡತಿ ಸಿಪ್ಪೆ ಹಿಡಿದು ಗೋಡೆಯವರೆಗೆ ಹೋದಳು. ನಿಂತಳು. ಹಿಂದಕ್ಕೆ ತಂದಳು. ಚಾಚಾ ಕೂಡ ಬಹಳ ದಿನ ಆ ಗೂಟದ ಕಡೆ ನೋಡದೆ ಓಡಾಡಿದರು.

ಒಂದು ದಿನ ನಾನೂ ಚಾಚಾ ಅವರೂ ಕಟ್ಟೆಯ ಮೇಲೆ ಕೂತಿದ್ದಾಗ ಸಂಘದಿಂದ ಅವರಿಗೆ ಫೋನು ಬಂತು. ಕಿವಿ ಮಂದ ಎಂದು ಅವರು ದೊಡ್ಡ ದನಿಯಲ್ಲೇ ಇಟ್ಟಿರುತ್ತಾರೆ.

“ಸರ್, ನಿಮ್ಮ ಮಗು ರಾಜಾ ಹೇಗಿದ್ದಾನೆ?” ಎಂದಿತು ಒಂದು ಹೆಣ್ಣು ದನಿ.

ಚಾಚಾ ಸುಳ್ಳು ಹೇಳುವವರಲ್ಲ. “ಮೂರು ಪಾಲಾದ, ಬೇಟಿ” ಎಂದರು.

“ಸರ್?”

“ಒಂದು ಪಾಲು ಮನಿಗೆ, ಒಂದು ನೆಂಟರಿಗೆ, ಒಂದು ಬಡವರಿಗೆ.”

ಆ ದನಿ ಸಣ್ಣಗೆ ಕೇಳಿತು:

“ಸರ್, ಹಾಗಾದರೆ ಸದಸ್ಯತ್ವ ಮುಂದುವರಿಸ್ತೀರಾ?”

ನಡಿಗೆಯ ಹುಡುಗಿ

ಹೆಂಡತಿಗೆ ಮಂಡಿ ನೋವು. ಮಂಡಿಗೆ ಸುತ್ತುವ ಪಟ್ಟಿ ತರಿಸಿದಳು. ತರಿಸಿದ್ದು ಮತ್ತೆ ಸಂಜೆಯೇ. ಈ ಸಲ ಸಣ್ಣ ಅಕ್ಷರ ‘ಬೇಡ, ನನಗೆ ಆರೋಗ್ಯ ಬೇಡ’ ಎಂದಿತ್ತು.

“ಇದನ್ನ ಬರದವನ ಕೈ ಸೇದಿಹೋಗ್ಲಿ” ಎಂದು ಬೈದು, ದೊಡ್ಡದನ್ನು ಒತ್ತಿದಳು. ಹದಿನೈದು ದಿನ ಪುಕ್ಕಟೆ. ಆಮೇಲೆ ಒಂದೇ ಏಟಿಗೆ ಇಡೀ ವರ್ಷದ್ದು ಕಡಿದುಕೊಂಡರು.

ಅದಕ್ಕೆ ಪ್ರತಿಯಾಗಿ ಎರಡು ಬರುತ್ತಿದ್ದವು. ತಿಂಗಳಿಗೊಮ್ಮೆ ನವಣೆ ಬಿಸ್ಕತ್ತಿನ ಪೊಟ್ಟಣ. ಪ್ರತಿ ಸೋಮವಾರ ಒಂದು ಹುಡುಗಿಯ ಫೋನು. “ಅಮ್ಮ, ಈ ವಾರ ನಡೆದ್ರಾ?”

ರಾಯಚೂರಿನ ಬಿಸಿಲಲ್ಲಿ ನಡೆಯಿರಿ ಎನ್ನುವವರು ರಾಯಚೂರು ನೋಡಿದವರಲ್ಲ. ಆದರೆ ಇಲ್ಲ ಎನ್ನಲು ಇವಳಿಗೆ ಬಾಯಿ ಬರುತ್ತಿರಲಿಲ್ಲ. ಫೋನು ಬಂದ ಕೂಡಲೇ ಎದ್ದು, ಅಡುಗೆಮನೆಯಿಂದ ಹೊಸ್ತಿಲಿಗೆ, ಹೊಸ್ತಿಲಿಂದ ಅಡುಗೆಮನೆಗೆ ನಡೆಯಲು ಶುರು ಮಾಡುತ್ತಿದ್ದಳು.

“ನೀರಮಾನ್ವಿ ಯಲ್ಲಮ್ಮನ ಆಣಿ, ನಡ್ಯಾಕತ್ತೀನವ್ವಾ.”

ಆ ಗಳಿಗೆಗೆ ಅದು ನಿಜ.

ಆಮೇಲೆ ಇವಳ ಸರದಿ. “ನೀ ಉಂಡಿ? ಹಾಸ್ಟೆಲ್ಲಿನ್ಯಾಗ ಇವತ್ತೇನು ಮಾಡಿದ್ರು? ಅಯ್ಯ, ಅದೆಂಥಾ ಊಟ! ಮನಿಯಾಗ ಲಗ್ನದ ಮಾತು ತಗದಾರೇನು?” ಹುಡುಗಿ ಒಂದೊಂದಾಗಿ ಹೇಳುತ್ತಿತ್ತು. ಸಣ್ಣವಳಿದ್ದಾಗಲೇ ತಾಯಿ ಹೋಗಿದ್ದಳಂತೆ. ಪುಂಡಿಪಲ್ಯ ಮಾಡುವುದನ್ನು ಇವಳು ಫೋನಿನಲ್ಲೇ ಕಲಿಸಿದಳು.

“ರೊಕ್ಕ ನಾವು ಕೊಟ್ಟೀವಿ. ಬುದ್ಧಿ ನೀ ಹೇಳಾಕತ್ತಿ” ಎಂದೆ.

“ಆಕಿಗರ ಯಾರದಾರ್ರೀ?” ಎಂದಳು.

ಮಂಡಿ ನೋವು ಕಡಿಮೆಯಾಗಲಿಲ್ಲ. ಹುಡುಗಿ ದಪ್ಪಗಾದಳಂತೆ.

ಬರ್ತೀನ್ರಿ

ಒಂದು ಮುಂಜಾನೆ ಹೆಂಡತಿ ಎದೆ ಹಿಡಿದುಕೊಂಡು ಕೂತಳು. ಏಳಲಿಲ್ಲ. ಅಷ್ಟೇ.

ಮೂರನೇ ದಿನ ಮಣ್ಣಿಗೆ ಹಾಲುತುಪ್ಪ ಬಿಟ್ಟು ಬಂದು ಕೂತಿದ್ದೆವು. ಮನೆ ತುಂಬ ಜನ. ಬಾಗಿಲಲ್ಲಿ ಯಾರೋ ಅವಳ ಹೆಸರು ಹಿಡಿದು ಜೋರಾಗಿ ಕೂಗಿದರು. ಅತ್ತು ಸುಮ್ಮನಾಗಿದ್ದ ಹೆಂಗಸರು ಮತ್ತೆ ಅಳತೊಡಗಿದರು.

ಪಾರ್ಸಲ್ ತರುವವನು.

ಹೆಂಡತಿಯ ತಮ್ಮ ಎದ್ದ. ದೇವದುರ್ಗದಲ್ಲಿ ಹತ್ತಿ ವ್ಯಾಪಾರ, ದನಿ ದೊಡ್ಡದು. “ಏನದು?”

“ಬಿಸ್ಕೀಟ್ ಬಂದಾವ್ರಿ. ಅಮ್ಮಾರ ಫೋನಿಗೆ ನಂಬರ್ ಬಂದಿರ್ತದ. ಅವರನ್ನ ಕೇಳಿ ಹೇಳ್ರಿ.”

“ಅಕ್ಕನ್ನ ಕೇಳಿ ಹೇಳ್ಲಾ? ಎಲ್ಲಿಗ್ಹೋಗಿ ಕೇಳ್ಲೋ?”

ಅವನು ಒಳಗೆ ಇಣುಕಿದ. ಹೂವಿನ ಹಾರ ಹಾಕಿದ ಫೋಟೋ ಕಂಡಿತು. ಟೋಪಿ ತೆಗೆದ. ಎಷ್ಟೋ ಸಲ ನಮ್ಮ ಮನೆಯ ಮಜ್ಜಿಗೆ ಕುಡಿದವನು. ಮಗಳು ಫೋನು ಹುಡುಕಿ ನಂಬರ್ ಓದಿದಳು. ಅವನು ಪೊಟ್ಟಣವನ್ನು ಹೊಸ್ತಿಲ ಮೇಲೆ ಮೆಲ್ಲಗೆ ಇಟ್ಟ. ಕೈ ಮುಗಿದ. ಹೊರಡುವಾಗ ರೂಢಿಯಂತೆ ಅಂದುಬಿಟ್ಟ:

“ಬರ್ತೀನ್ರಿ.”

ಸಾವಿನ ಮನೆಯಿಂದ ಹೊರಡುವವರು ಬರ್ತೀನಿ ಎನ್ನಬಾರದು. ಮಾತಾಡದೆ ಎದ್ದು ಹೋಗಬೇಕು. ಮತ್ತೆ ಇಂಥ ಕೆಲಸಕ್ಕೆ ಆ ಮನೆಗೆ ಬರುವಂತಾಗಬಾರದು ಎಂದು.

“ಲೇ, ಬರಬ್ಯಾಡ!” ಹೆಂಡತಿಯ ತಮ್ಮ ಅಂಗಳ ನಡುಗುವಂತೆ ಕೂಗಿದ. “ಈ ಮನಿಗೆ ಬರ್ತೀನಿ ಅನಬ್ಯಾಡ!”

“ತಪ್ಪಾತ್ರೀ ಯಪ್ಪಾ, ಬರಂಗಿಲ್ರೀ, ನಮ್ಮಪ್ಪನಾಣಿ ಬರಂಗಿಲ್ರೀ” ಎಂದು ಹಿಂದೆ ಹಿಂದೆ ಸರಿದು ಓಡಿದ.

ಮುಂದಿನ ತಿಂಗಳು ಬಂದ. ಬಾಗಿಲ ಹೊರಗೇ ನಿಂತ.

“ನಾ ಏನು ಮಾಡ್ಲಿರಿ? ಅಮ್ಮಾರದು ವರ್ಷದ್ದು ಅದ.”

ಸೋಮವಾರ

ಹಾಲುತುಪ್ಪವಾದ ಮೇಲಿನ ಮೊದಲ ಸೋಮವಾರ ಫೋನು ಬಂತು. ಹಿಡಿದೆ.

“ಅಮ್ಮ, ಈ ವಾರ ನಡೆದ್ರಾ?”

“ಆಕಿ ಗಂಡ ಮಾತಾಡಾಕತ್ತೀನಿ.”

“ನಮಸ್ಕಾರ ಸರ್. ಅಮ್ಮನಿಗೆ ಕೊಡ್ತೀರಾ?”

“ತೀರಿಕೊಂಡ್ಲು.”

ಹುಡುಗಿ ಅಳತೊಡಗಿತು. ನನಗೆ ಸಮಾಧಾನ ಮಾಡಲು ಬರುವುದಿಲ್ಲ. ಬಸ್ಸಿನಲ್ಲಿ ಯಾರಾದರೂ ಅತ್ತರೆ ಅವರಿಗೊಂದು ಕಿಟಕಿ ಪಕ್ಕದ ಸೀಟು ಬಿಡಿಸಿಕೊಟ್ಟು ಸುಮ್ಮನಾಗುತ್ತಿದ್ದೆ. ಇಲ್ಲಿ ಕೊಡಲು ಕಿಟಕಿಯೂ ಇರಲಿಲ್ಲ. ಹೆಂಡತಿ ಕೇಳುತ್ತಿದ್ದುದು ನೆನಪಾಯಿತು.

“ಉಂಡಿ ಏನವ್ವಾ?” ಎಂದೆ.

ಅಳು ಜೋರಾಯಿತು.

ಎಷ್ಟೋ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು ಹೇಳಿತು: “ಕ್ಷಮಿಸಿ ಸರ್. ನಮ್ಮ ಮಾತೆಲ್ಲ ರೆಕಾರ್ಡ್ ಆಗುತ್ತೆ. ಪ್ರಶ್ನೆ ಕೇಳದೆ ಫೋನ್ ಇಟ್ಟರೆ ನನ್ನ ಸಂಬಳ ಹಿಡೀತಾರೆ. ನೀವು ಈ ವಾರ ನಡೆದ್ರಾ?”

“ನಡದೀನಿ.”

“ಎಲ್ಲಿಗೆ ಸರ್?”

“ರುದ್ರಭೂಮಿಗೆ.”

“ದೂರ ಇದೆಯಾ ಸರ್?”

“ಅದ.”

“ಬರ್ಕೊಂಡೆ ಸರ್. ಈ ವಾರ ಚೆನ್ನಾಗಿ ನಡೆದಿದ್ದೀರಿ.”

ಕೊನೆಯದು

ಆಗಿನಿಂದ ಪ್ರತಿ ಸೋಮವಾರ ಮಾತಾಡುತ್ತೇವೆ. ಅದು ಮಾತಾಡುತ್ತದೆ, ನಾನು ಹೂಂ ಎನ್ನುತ್ತೇನೆ. ಕೇಳಿದಾಗ ಸುಳ್ಳು ಹೇಳಬಾರದೆಂದು ಪ್ರತಿ ಭಾನುವಾರ ತಂಪು ಹೊತ್ತಿನಲ್ಲಿ ರುದ್ರಭೂಮಿಯವರೆಗೆ ನಡೆದು ಬರುತ್ತೇನೆ. ಹೋದ ತಿಂಗಳು ಹುಡುಗಿ ಹೇಳಿತು:

“ಸರ್, ನನಗೆ ಗಂಡು ಗೊತ್ತಾಯ್ತು. ಅಮ್ಮನಿಗೆ ಹೇಳಬೇಕಿತ್ತು.”

“ಹೇಳ್ತೀನಿ” ಎಂದೆ.

ಹೇಳಿ ಬಂದೆ. ಅಷ್ಟು ದೊಡ್ಡ ಸುದ್ದಿ ಕೇಳಿಯೂ ಅವಳು ಸುಮ್ಮನಿದ್ದದ್ದು ಅದೇ ಮೊದಲು.

ಈ ಭಾನುವಾರ ಆ ಸದಸ್ಯತ್ವಕ್ಕೆ ವರ್ಷ ತುಂಬಿತು. ಮುಂದುವರಿಸುವುದೋ ನಿಲ್ಲಿಸುವುದೋ ಅಂದೇ ಹೇಳಬೇಕು. ಮಗಳು ಇದಕ್ಕೆಂದೇ ಮಾನ್ವಿಯಿಂದ ಬಂದಳು. ಊಟವಾದ ಮೇಲೆ ಕನ್ನಡಕ ಹಾಕಿಸಿ, ಫೋನು ನನ್ನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತಳು.

“ಯಪ್ಪಾ, ಅವ್ವನೇ ಇಲ್ಲ. ಅವ್ವನ ನಡಿಗಿಗೆ ಯಾಕ ರೊಕ್ಕ ಕಟ್ತಿ? ಒತ್ತು.”

ಒತ್ತಿದೆ. ಪರದೆಯ ಮೇಲೆ ಹೆಂಡತಿಯ ಹೆಸರು ಬಂತು. ಕೆಳಗೆ ‘ನೀವು ನಿಜವಾಗಿಯೂ ನಮ್ಮನ್ನು ಬಿಟ್ಟು ಹೋಗುತ್ತೀರಾ?’ ಎಂದಿತ್ತು.

ಮಗಳು ಓದಿ ಮುಖ ಆಚೆ ತಿರುಗಿಸಿದಳು. ಈ ಪ್ರಶ್ನೆಯನ್ನು ನನ್ನ ಹೆಂಡತಿಗೆ ಮೊದಲೇ ಯಾರಾದರೂ ಕೇಳಬೇಕಿತ್ತು.

ಅದರ ಕೆಳಗೆ ಎಂದಿನಂತೆ ಎರಡು. ದೊಡ್ಡ ಹಳದಿ ‘ಇಲ್ಲ, ಜೊತೆಗೇ ಇರುತ್ತೇನೆ’. ಇರುವೆಯಷ್ಟು ಅಕ್ಷರದಲ್ಲಿ ‘ಬೇಡ, ನನಗೆ ಆರೋಗ್ಯ ಬೇಡ’.

“ಸಣ್ಣದು ಒತ್ತು” ಎಂದಳು ಮಗಳು. ನಾನು ಅವಳವ್ವನಿಗೆ ಹೇಳುತ್ತಿದ್ದ ಮಾತು.

ನನ್ನ ಬೆರಳು ಸಣ್ಣದರ ಮೇಲೆ ಹೋಯಿತು. ಅಲ್ಲೇ ನಿಂತಿತು.

“ದೀಪ ಹಚ್ಚೋ ಹೊತ್ತು” ಎಂದೆ. “ಬ್ಯಾಡ ಅನಬಾರದು.”

“ಯಪ್ಪಾ! ಮಧ್ಯಾಹ್ನ ಎರಡು ಗಂಟಿ ಆಗ್ಯದ! ಹೊರಗ ಬಿಸಲು ನೋಡು!”

ನೋಡಿದೆ. ಅಂಗಳ ಕಾದ ಹಂಚಿನಂತಿತ್ತು. ಫೋನನ್ನು ಅವಳ ಕೈಗೆ ಕೊಟ್ಟು ಎದ್ದೆ. ದೇವರ ಗೂಡಿಗೆ ಹೋಗಿ ಬತ್ತಿ ತೀಡಿ, ಎಣ್ಣೆ ಹಾಕಿ, ದೀಪ ಹಚ್ಚಿದೆ. ವಾಪಸ್ ಬಂದು ಕೂತು ಫೋನು ಇಸಿದುಕೊಂಡೆ.

“ಈಗ ಹೊತ್ತಾತು” ಎಂದು ಹಳದಿ ಒತ್ತಿದೆ.